ದಾರ್ ಎಸ್ ಸಲಾಮಿಗೆ ಹೊರಟ ಹಿರೇಕೆರೂರಿನ ಬಾಗಿಲುಗಳು

ಹುಬ್ಬಳ್ಳಿಯಲ್ಲಿ ಶಿಗ್ಗಾವಿ ಬಸ್ಸು ಹತ್ತಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಮೊದಲ ತಕರಾರು ಎದ್ದಿತು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಬಿಟ್ಟಿ ಟಿಕೆಟ್ಟು ಹರಿದು ಕೊಟ್ಟರು. ಆಮೇಲೆ ನನ್ನ ಪಕ್ಕದಲ್ಲಿದ್ದ ನೀಮಾಳ ಕಡೆ ಕೈ ಚಾಚಿದರು. ಅವಳು ಬಲು ಗತ್ತಿನಿಂದ ತನ್ನ ಪಾಸ್‌ಪೋರ್ಟು ತೆಗೆದುಕೊಟ್ಟಳು. ಕಂಡಕ್ಟರು ಅದನ್ನು ಹಿಂದೆ ಮುಂದೆ ತಿರುವಿದರು.

"ಇದರಾಗ ಟಾಂಜಾನಿಯಾ ಅಂತ ಐತಲ್ರಿ ಅಕ್ಕಾರ."

"ಹೌದ್ರಿ, ಅವ್ರು ಆ ದೇಶದವ್ರ."

"ಹಂಗಾದ್ರ ಬಿಟ್ಟಿ ಬರೂದಿಲ್ರಿ. ನಮ್ಮ ರಾಜ್ಯದ ಹೆಣ್ಮಕ್ಕಳಿಗೆ ಅಷ್ಟ. ಎಪ್ಪತ್ತು ರೂಪಾಯಿ ಕೊಡ್ರಿ."

ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ನೀಮಾ ನಕ್ಕು ದುಡ್ಡು ಕೊಟ್ಟಳು. ಒಂದೇ ಸೀಟು, ಒಂದೇ ಊರಿಗೆ ಹೊರಟ ಇಬ್ಬರು ಹೆಂಗಸರು, ಒಬ್ಬಳಿಗೆ ದುಡ್ಡು ಒಬ್ಬಳಿಗೆ ಪುಕ್ಕಟೆ ಎಂಬ ಸಂಗತಿಯನ್ನು ಅವಳು ಅಲ್ಲಿಂದಲೇ ತಾಯಿಗೆ ಫೋನು ಮಾಡಿ ಹೇಳಿದಳು. ಮುಂದೆ ಮೂರು ದಿನ ಇದೇ ಪಾಡು. ಕಣ್ಣಿಗೆ ಬಿದ್ದ ಪ್ರತಿಯೊಂದೂ ದಾರ್ ಎಸ್ ಸಲಾಮಿನಲ್ಲಿ ಕೂತ ಆ ತಾಯಿಗೆ ವರದಿಯಾಗಲೇಬೇಕಿತ್ತು.

ನೀಮಾ ಆ ಶಹರದ ಹೊರವಲಯದಲ್ಲಿ ಸಾಲುಮನೆ ಕಟ್ಟಿಸಿ ಮಾರುವವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಒಂದು ಗೇಣು ಎತ್ತರ. ನಾನು ಹುಬ್ಬಳ್ಳಿಯ ಒಂದು ಸಣ್ಣ ರಫ್ತು ಕಂಪನಿಯಲ್ಲಿ ಮಾಲು ತಪಾಸಣೆ ಮಾಡುವ ಕೆಲಸದಲ್ಲಿದ್ದೇನೆ. ಅಲ್ಯೂಮಿನಿಯಮ್ಮಿನ ಬಾಗಿಲು, ಕಿಟಕಿ, ಏಣಿ, ಮೆಟ್ಟಿಲ ಕಟಾಂಜನ ಇವೆಲ್ಲ ಸಮುದ್ರ ದಾಟುವ ಮೊದಲು ಕೊನೆಯ ಸಲ ಟೇಪು ಹಿಡಿಯುವುದು ನಾನು. ಇಷ್ಟು ವರ್ಷದಿಂದ ಹಡಗಿಗೆ ಮಾಲು ಕಳಿಸುತ್ತ ಬಂದರೂ ಹಡಗನ್ನು ಮಾತ್ರ ಇದುವರೆಗೂ ಕಣ್ಣಿಂದ ಕಂಡಿಲ್ಲ. ಇದನ್ನು ಹೇಳಿದಾಗ ನೀಮಾ ನನ್ನನ್ನು ಪಾಪ ಎನ್ನುವಂತೆ ನೋಡಿದಳು.

ಅವಳ ಆರ್ಡರು ದೊಡ್ಡ ಕಾರ್ಖಾನೆಗಳಿಗೆ ತೀರ ಸಣ್ಣದು: ನಲವತ್ತು ಮನೆ, ನಲವತ್ತು ಮುಂಬಾಗಿಲು, ಅದಕ್ಕೆ ತಕ್ಕಷ್ಟು ಕಿಟಕಿ. ಹಿಂದೊಮ್ಮೆ ಬೇರೆ ದೇಶದಿಂದ ತರಿಸಿದಾಗ ಕಂಟೇನರ್ ತುಂಬ ಬಂದ ಕಿಟಕಿಗಳು ಒಂದು ಬೆರಳಿನಷ್ಟು ದೊಡ್ಡವಿದ್ದು, ಕಟ್ಟಿದ ಗೋಡೆ ಒಡೆಸಿ ಕೂಡಿಸಬೇಕಾಗಿತ್ತಂತೆ. ಆ ಕಹಿ ಅವಳ ಬಾಯಿಂದ ಇನ್ನೂ ಹೋಗಿರಲಿಲ್ಲ. ಅದಕ್ಕೇ ಮಾಲು ತಯಾರಾಗುವ ಜಾಗಕ್ಕೆ ತಾನೇ ಬಂದು, ಅಳೆದು, ಆಮೇಲೆ ಹಡಗಿಗೆ ಏರಿಸುತ್ತೇನೆ ಎಂದು ಹಟ ಹಿಡಿದು ಬಂದಿದ್ದಳು.

ನನ್ನದೂ ಒಂದು ಹಟವಿತ್ತು. ನಮ್ಮ ಸಾಹೇಬರು ಈ ಕೆಲಸವನ್ನು ಪುಣೆ ಕಡೆಗೆ ಕೊಡೋಣ ಎಂದಾಗ ನಾನು ಅಡ್ಡ ಹಾಕಿದ್ದೆ. ಶಿಗ್ಗಾವಿಯಲ್ಲಿ ಸೆಕ್ಷನ್, ಅಂದರೆ ಅಲ್ಯೂಮಿನಿಯಮ್ಮಿನ ಉದ್ದ ಪಟ್ಟಿ, ಸಿಗುತ್ತದೆ, ಸವಣೂರಿನಲ್ಲಿ ಬಣ್ಣದ ಭಟ್ಟಿ ಇದೆ, ಹಾನಗಲ್ಲಿನಲ್ಲಿ ಕಿಟಕಿ ಮಾಡುತ್ತಾರೆ, ಹಿರೇಕೆರೂರಿನಲ್ಲಿ ಬಾಗಿಲು ಮಾಡುತ್ತಾರೆ, ನಾಲ್ಕೂ ಸೇರಿದರೆ ಒಂದು ಕಾರ್ಖಾನೆಯೇ ಆಯಿತಲ್ಲ ಎಂದು ವಾದಿಸಿ ಗೆದ್ದಿದ್ದೆ. ಬಸ್ಸಿನಲ್ಲಿ ಕೂತಾಗ ಉಮೇದು ಏರಿತು. ನಮ್ಮ ಭಾಗದ ಬಾಗಿಲು ಆಫ್ರಿಕಾದ ಮನೆಗೆ ಹೊರಟಿದೆ ಎಂದು ಬಸ್ಸಿನವರಿಗೆಲ್ಲ ಎದ್ದು ನಿಂತು ಹೇಳಬೇಕು ಅನಿಸುತ್ತಿತ್ತು.

ಶಿಗ್ಗಾವಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದು. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಮಿರ್ಚಿ, ಮಂಡಕ್ಕಿ ತಿಂದೆವು. ನೀಮಾ ಮೂರನೇ ಮಿರ್ಚಿಗೆ ಕೈ ಹಾಕಿದಾಗ ನಾನೇ ತಡೆದೆ, ಮುಂದೆ ಬಸ್ಸಿನ ದಾರಿ ಇದೆ ಎಂದು. ಸೆಕ್ಷನ್ ಡಿಪೋ ಅಲ್ಲೇ ಹತ್ತಿರ. ಮಾಲೀಕರು ಗುರುಸಿದ್ದಪ್ಪನವರು. ಹಿರೇಬೆಂಡಿಗೇರಿಯಲ್ಲಿ ಅವರ ಹೊಲ, ಶಿಗ್ಗಾವಿಯಲ್ಲಿ ಅಂಗಡಿ, ಮೋಟಾರ್‌ಸೈಕಲ್ಲಿನ ಮೇಲೆ ಅರ್ಧ ಆಯುಷ್ಯ. ಒಳಗೆ ಆಳೆತ್ತರದ ರ‍್ಯಾಕುಗಳಲ್ಲಿ ಉದ್ದುದ್ದ ಬೆಳ್ಳಿ ಬಣ್ಣದ ಸೆಕ್ಷನ್ನುಗಳು ಮಲಗಿದ್ದವು.

ಈ ಲೋಹ ಎಲ್ಲಿಯದು ಎಂದು ನೀಮಾ ಕೇಳಿದಳು. ಗುರುಸಿದ್ದಪ್ಪನವರಿಗೆ ಇಂಥ ಪ್ರಶ್ನೆ ಎಂದರೆ ಪ್ರಾಣ.

"ಒಡಿಶಾದ ಗಟ್ಟಿ ಸ್ವಲ್ಪ ಇರತೈತ್ರಿ. ಗಲ್ಫ್ ದೇಶದಾಗ ಹಳೇ ಕಟ್ಟಡ ಕೆಡವಿದ ಗುಜರಿ ಸ್ವಲ್ಪ ಇರತೈತ್ರಿ. ಎರಡೂ ಕೂಡಿಸಿ ಕರಗಿಸಿ, ಶ್ಯಾವಿಗಿ ಒತ್ತಿದಂಗ ಒತ್ತತಾರ್ರಿ. ಅಚ್ಚಿನ್ಯಾಗ ಎಂಥಾ ತೂತ ಇರತೈತಿ, ಅಂಥಾ ಸೆಕ್ಷನ್ ಹೊರಗ ಬರತೈತ್ರಿ. ನೋಡ್ರಿ, ದುಬೈದಾಗ ಯಾರದೋ ಕಿಡಕಿ ಆಗಿದ್ದು ನಾಳೆ ಈ ಬಾಯಾರ ಮನಿ ಬಾಗಲಾ ಆಗತೈತಿ."

ಶ್ಯಾವಿಗೆಯನ್ನು ಇಂಗ್ಲಿಷಿಗೆ ದಾಟಿಸಲು ನಾನು ಒದ್ದಾಡಿದೆ. ಆದರೆ ನೀಮಾಗೆ ಅದು ಬೇಕಾಗಿರಲಿಲ್ಲ. ತನ್ನ ಚೀಲದಿಂದ ಅಳತೆಯ ಉಪಕರಣ ತೆಗೆದು ಸೆಕ್ಷನ್ನಿನ ದಪ್ಪ ನೋಡಿದಳು, ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದಳು, ಒಂದು ತುಂಡನ್ನು ಮೊಣಕಾಲಿಗೆ ಒತ್ತಿ ಬಗ್ಗುತ್ತದೋ ಎಂದು ಪರೀಕ್ಷಿಸಿದಳು. ಬಗ್ಗಲಿಲ್ಲ. "ಸರಿ ಇದೆ" ಎಂದಳು. ಆ ಎರಡು ಮಾತಿಗೆ ಗುರುಸಿದ್ದಪ್ಪನವರು ಮತ್ತೊಂದು ಸುತ್ತು ಚಹಾ ತರಿಸಿದರು.

ಸವಣೂರಿಗೆ ಇಪ್ಪತ್ತೈದು ಕಿಲೋಮೀಟರು ಇರಬಹುದು. ಎರಡೂ ಬದಿಗೆ ಹತ್ತಿ ಬಿಚ್ಚಿ ಬೆಳ್ಳಗಾಗಿತ್ತು. ಬಣ್ಣದ ಭಟ್ಟಿಯ ಮಕ್ತುಂಸಾಬರು ನಮ್ಮ ದಾರಿಯನ್ನೇ ಕಾಯುತ್ತಿದ್ದರು. ಸೆಕ್ಷನ್ನಿಗೆ ಬಣ್ಣದ ಪುಡಿ ಉದುರಿಸಿ ಭಟ್ಟಿಯಲ್ಲಿ ಬೇಯಿಸುವುದು ಅವರ ಕೆಲಸ. ನಮ್ಮ ಬಾಗಿಲು ಕಿಟಕಿಗಳಿಗೆ ಕಾಫಿಬಣ್ಣ ಅವರದೇ. ಉಳಿದಿದ್ದ ಒಂದು ತುಂಡನ್ನು ನೀಮಾ ಉಗುರಿನಿಂದ ಕೆರೆದಳು, ಆಮೇಲೆ ಬೀಗದ ಕೈಯಿಂದ ಕೆರೆದಳು. ಮಕ್ತುಂಸಾಬರು ತಮ್ಮ ಮೈಯನ್ನೇ ಕೆರೆದಂತೆ ಮುಖ ಕಿವುಚಿದರು. ಬಣ್ಣ ಮಾತ್ರ ಕದಲಲಿಲ್ಲ. ಸಂತೋಷಕ್ಕೆ ಅವರು ಸವಣೂರಿನ ಎಳೆ ವೀಳ್ಯದೆಲೆಯ ಒಂದು ಕಟ್ಟನ್ನೇ ಅವಳ ಕೈಗಿಟ್ಟರು.

ಬಸ್ಸಿಗೆ ಹೊತ್ತಿತ್ತು. ನಾನು ಅವಳನ್ನು ಮಠದ ಅಂಗಳದ ದೊಡ್ಡಹುಣಸೆ ಮರ ತೋರಿಸಲು ಕರೆದೊಯ್ದೆ. ಆ ಗಾತ್ರದ ಮರ ನೋಡಿ ಬಾಯಿ ತೆರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಓಡಿದಳು. ನಲವತ್ತು ಮನೆ ಕಟ್ಟಿಸುವ ಹೆಂಗಸು ಚಪ್ಪಲಿ ಕಳಚಿ ಬಿಸಾಕಿ ಓಡಿಹೋಗಿ ಎರಡೂ ತೋಳು ಚಾಚಿ ಮರಕ್ಕೆ ಒರಗಿ ನಿಂತಳು.

"ಇದು ಮ್ಬುಯು! ನಮ್ಮ ಮರ. ನಮ್ಮೂರಿನ ಮರ ಇದು. ಇಲ್ಲಿಗೆ ಹೇಗೆ ಬಂತು?"

ಯಾವಾಗಲೋ ಯಾರೋ ಆಫ್ರಿಕಾದಿಂದ ತಂದರಂತೆ, ನನಗೆ ಗೊತ್ತಿದ್ದದ್ದು ಅಷ್ಟೇ. ತಾಯಿಗೆ ವಿಡಿಯೋ ಕರೆ ಹೋಯಿತು. ತಾಯಿ ಮರ ನೋಡಿ, ನೀನು ಇಂಡಿಯಾಕ್ಕೆ ಹೋಗಿಯೇ ಇಲ್ಲ, ಇಲ್ಲೇ ಎಲ್ಲೋ ಅಡಗಿದ್ದೀ ಎಂದು ಬೈದರಂತೆ. ನನ್ನನ್ನೂ ಫೋನಿನ ಮುಂದೆ ನಿಲ್ಲಿಸಿದಳು. ತಲೆಗೆ ಹಳದಿ ವಸ್ತ್ರ ಕಟ್ಟಿದ ದುಂಡು ಮುಖದ ಮುದುಕಿ ನನಗೆ ಕೈ ಮುಗಿದರು, ನಾನೂ ಮುಗಿದೆ. ಅಷ್ಟರಲ್ಲಿ ಬಸ್ಸು ತಪ್ಪಿತು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಬಂಕಾಪುರ ದಾಟಿ ಹಾನಗಲ್ ಮುಟ್ಟುವಾಗ ಮಧ್ಯಾಹ್ನ ಜಾರಿತ್ತು. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ಸಿದ್ಧಾರ್ಥನ ಅಂಗಡಿಗೆ ಹೋದೆವು. ಸಿದ್ಧಾರ್ಥ ಮೂವತ್ತೈದರ ಚುರುಕು ಮನುಷ್ಯ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಕಟಿಂಗ್ ಮಷೀನು. ಅವನು ನಮಗೆ ಕೂತುಕೊಳ್ಳಲೂ ಹೇಳದೆ ಒಂದು ಕಿಟಕಿಯನ್ನು ಚೌಕಟ್ಟಿಗೆ ಬಿಗಿದು, ಪೈಪಿನಿಂದ ನೀರು ಚಿಮ್ಮಿಸತೊಡಗಿದ. ಆಚೆ ಬದಿಯಲ್ಲಿ ಒಂದು ಹನಿ ಕಾಣಲಿಲ್ಲ. ನೀಮಾ ಟೇಪು ಹಿಡಿದು ಒಂದೊಂದೇ ಕಿಟಕಿ ಅಳೆದಳು. ನಕ್ಷೆಯಲ್ಲಿದ್ದದ್ದಕ್ಕೂ ಅದಕ್ಕೂ ಕೂದಲೆಳೆಯಷ್ಟೂ ಫರಕಿರಲಿಲ್ಲ.

ಹೊರಡುವಾಗ ಸಿದ್ಧಾರ್ಥ ನನ್ನನ್ನು ಒಂದು ಬದಿಗೆ ಕರೆದ.

"ಅಕ್ಕಾರ, ನಾಳೆ ಹಿರೇಕೆರೂರಾಗ ಬಾಗಲಾ ನೋಡಾಕ ಹೊಂಟೀರಿ. ಮೌನೇಶಪ್ಪಣ್ಣ ದೇವರಂಥಾ ಮನಷ್ಯಾರಿ. ಕೈಗೆಲಸ ಅವರದು ನನಗಿಂತ ಛಲೋ. ಆದ್ರ ಟೇಪ್ ಮಾತ್ರ ನೀವ ಹಿಡೀರಿ."

"ಯಾಕೋ ತಮ್ಮಾ?"

"ಸುಮ್ನ ಹೇಳೀನ್ರಿ. ಅವರದು ಹಿರೇರ ಲೆಕ್ಕ. ನನಗ ಅದು ತಿಳಿಯೂದಿಲ್ಲ."

ಇದನ್ನು ನಾನು ನೀಮಾಗೆ ಹೇಳಲಿಲ್ಲ. ಹಾನಗಲ್ಲಿನ ಲಾಡ್ಜಿನಲ್ಲಿ ಅವಳು ಗಡದ್ದಾಗಿ ಮಲಗಿದಳು, ನಾನು ಮಗ್ಗಲು ಬದಲಿಸುತ್ತ ಮಲಗಿದೆ.

ಮೌನೇಶಪ್ಪ ಬಡಿಗೇರರ ವಿಷಯ ಇಲ್ಲೇ ಹೇಳಿಬಿಡಬೇಕು. ಅವರ ಅಪ್ಪ, ಅಜ್ಜ ಎಲ್ಲ ಮರದ ಕೆಲಸದವರು. ಸುತ್ತಲ ಹಳ್ಳಿಗಳಲ್ಲಿ ತಲೆಬಾಗಿಲು ಎಂದರೆ ಅವರ ಮನೆತನದ ಕೈಯದೇ. ಮರ ತುಟ್ಟಿಯಾಗಿ ಕೆಲಸ ನಿಂತಾಗ ಮೌನೇಶಪ್ಪ ಅಲ್ಯೂಮಿನಿಯಮ್ ಕಲಿತರು. ಕಲಿತರೇನು, ಸಿಕ್ಕಿದ್ದೆಲ್ಲ ಬಚ್ಚಲುಮನೆಯ ಬಾಗಿಲು, ಅಂಗಡಿಯ ಪಾರ್ಟಿಷನ್ನು. ನಮ್ಮಲ್ಲಿ ಮುಂಬಾಗಿಲಿಗೆ ಯಾರೂ ಅಲ್ಯೂಮಿನಿಯಮ್ ಹಾಕಿಸುವುದಿಲ್ಲ. ನಾನು ಮೊದಲ ಸಲ ನಲವತ್ತು ಮುಂಬಾಗಿಲಿನ ಮಾತು ತೆಗೆದಾಗ ಅವರು ಕೂತಲ್ಲಿಂದ ಎದ್ದು ನಿಂತಿದ್ದರು. "ಅಕ್ಕಾರ, ಇಪ್ಪತ್ತು ವರ್ಷ ಆತ್ರಿ, ನನಗ ಒಬ್ಬರೂ ಮನಿ ಬಾಗಲಾ ಕೇಳಿಲ್ಲ" ಎಂದಿದ್ದರು. ಈ ನಲವತ್ತು ಪಾಸಾದರೆ ನೀಮಾ ಇನ್ನೂ ಕಟ್ಟಿಸಲಿರುವ ಮನೆಗಳ ಬಾಗಿಲೂ ಅವರಿಗೇ. ಆಗದಿದ್ದರೆ ಮತ್ತೆ ಬಚ್ಚಲುಮನೆ.

ಮರುದಿನ ಬೆಳಿಗ್ಗೆ ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದೆವು. ಸಣ್ಣ ಚಳಿ ಇತ್ತು. ಚಿಕ್ಕೇರೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು, ಬಸ್ಸು ಉಳಿದರ್ಧದಲ್ಲಿ ಮೆಲ್ಲಗೆ ಸಾಗಿತು. ನೀಮಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಮ್ಮಲ್ಲಿ ಇದೇ ಜೋಳದ ಹಿಟ್ಟಿನ ಮುದ್ದೆಯಿಲ್ಲದೆ ಊಟವೇ ಇಲ್ಲ ಎಂದಳು. ಇಲ್ಲಿ ಹೆಚ್ಚಾಗಿ ಕೋಳಿಗೆ ಹಾಕುತ್ತಾರೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮೌನೇಶಪ್ಪನವರ ಶೆಡ್ಡು ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ಗಂಡ ಹೆಂಡತಿ ಇಬ್ಬರೂ ಹೊರಗೇ ನಿಂತಿದ್ದರು. ಮೌನೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಗಂಗವ್ವ ನೀಮಾಳ ಕೈ ಹಿಡಿದುಕೊಂಡು, "ಬರ್ರಿ, ಬರ್ರಿ, ಒಳಗ ಕುಂಡ್ರು ಬರ್ರಿ" ಎಂದು ಎಳೆದೊಯ್ದರು. ಒಳಗೆ ನಲವತ್ತು ಬಾಗಿಲು ಚೌಕಟ್ಟಿನ ಸಮೇತ ಗೋಡೆಗೆ ಸಾಲಾಗಿ ಒರಗಿ ನಿಂತಿದ್ದವು. ನನಗೆ ಮೈ ಜುಮ್ಮೆಂದಿತು. ಮೂಲೆಯ ಕೂಡುಗಳಲ್ಲಿ ಬೆರಳಾಡಿಸಿದರೆ ಕೂಡು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಅಂಥ ಕೆಲಸ ನಾನು ಕಂಡಿರಲಿಲ್ಲ. ನೀಮಾ ಒಂದು ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಅದು ಸದ್ದಿಲ್ಲದೆ ಕೂರುವುದನ್ನು ನೋಡಿ ಕಣ್ಣರಳಿಸಿದಳು.

ಆಮೇಲೆ ಟೇಪು ತೆಗೆದಳು.

ಮೊದಲ ಚೌಕಟ್ಟಿನ ಎತ್ತರ ಅಳೆದಳು. ನಕ್ಷೆ ನೋಡಿದಳು. ಮತ್ತೆ ಅಳೆದಳು. ಎರಡನೆಯದನ್ನು ಅಳೆದಳು, ಐದಾರನ್ನು ಬಿಟ್ಟು ಮತ್ತೊಂದನ್ನು ಅಳೆದಳು. ಎಲ್ಲವೂ ಸರಿಯಾಗಿ ಅರ್ಧ ಇಂಚು ಉದ್ದ. ಅವಳ ಮುಖದ ನಗು ಇಳಿಯಿತು. ಅರ್ಧ ಇಂಚು ಎಂದರೆ ಓದುವವರಿಗೆ ಏನೂ ಅಲ್ಲ ಅನಿಸಬಹುದು. ಆದರೆ ಗೋಡೆಯ ಕಿಂಡಿ ಕಟ್ಟಿ ಮುಗಿದಿದೆ, ಚೌಕಟ್ಟು ಅದರೊಳಗೆ ಹೋಗಿ ಕೂರಬೇಕು. ಅರ್ಧ ಇಂಚು ಹೆಚ್ಚಾದರೆ ಕೂರುವುದಿಲ್ಲ.

"ನನಗೆ ಮತ್ತೆ ಇದೇ ಆಯಿತು" ಎಂದಳು ನೀಮಾ, ಸಿಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು. "ಇದು ಆಗಬಾರದು ಅಂತಲೇ ಸಮುದ್ರ ದಾಟಿ ಬಂದೆ. ಕೇಳು ಅವರನ್ನು, ನಕ್ಷೆ ಓದಲು ಬರುವುದಿಲ್ಲವೇ?"

ನಾನು ಕೇಳಿದೆ. ಮೌನೇಶಪ್ಪನವರು ಗಾಬರಿಯಾಗಲಿಲ್ಲ. ಅವರಿಗೆ ಅಚ್ಚರಿಯಾಯಿತು ಅಷ್ಟೇ.

"ಅರ್ಧ ಇಂಚು ಬೇಕಂತ ಹೆಚ್ಚ ಮಾಡೇನ್ರಿ ಅಕ್ಕಾರ. ಅವರು ಕೊಟ್ಟ ಅಳತಿಗೆ ಆಯ ಕೂಡಿ ಬರಲಿಲ್ಲ. ಖರಾಯ ಬಂತು. ಖರಾಯದ ಬಾಗಲಾ ಇಟ್ಟ ಮನ್ಯಾಗ ಮಂದಿ ಕತ್ತಿಗತೆ ದುಡದ್ರೂ ಏನೂ ಉಳಿಯೂದಿಲ್ರಿ. ಅರ್ಧ ಇಂಚು ಏರಿಸಿದೆ, ಗಜಾಯಕ್ಕ ಬಂತು. ಛಲೋ ಆತಲ್ಲ?"

ಆಯದ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಬಾಗಿಲಿನ ಎತ್ತರ ಅಗಲಗಳನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಅಂಕಿಯಿಂದ ಶುಭ ಅಶುಭ ಹೇಳುವ ಪದ್ಧತಿ ನಮ್ಮ ಬಡಿಗರಲ್ಲಿದೆ. ಆನೆ, ಸಿಂಹ, ಎತ್ತು, ಬಾವುಟ ಬಂದರೆ ಒಳ್ಳೆಯದು; ಆನೆಯದು ಗಜಾಯ. ಕತ್ತೆ, ನಾಯಿ, ಕಾಗೆ, ಹೊಗೆ ಬಂದರೆ ಕೆಟ್ಟದ್ದು; ಕತ್ತೆಯದು ಖರಾಯ, ಕಾಗೆಯದು ಕಾಕಾಯ. ಬಚ್ಚಲುಮನೆಯ ಬಾಗಿಲಿಗೆ ಯಾರೂ ಆಯ ನೋಡುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಈ ಲೆಕ್ಕ ಮೌನೇಶಪ್ಪನವರ ತಲೆಯಲ್ಲಿ ಸುಮ್ಮನೆ ಕೂತಿತ್ತು. ಮುಂಬಾಗಿಲು ಎಂದ ಕೂಡಲೇ ಎದ್ದು ಬಂದಿತ್ತು.

ನೀಮಾಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡು, "ನನ್ನ ಗೋಡೆಗಳಿಗೆ ಆನೆ ಗೊತ್ತಿಲ್ಲ, ಕತ್ತೆ ಗೊತ್ತಿಲ್ಲ. ಕತ್ತರಿಸಲು ಹೇಳು" ಎಂದಳು.

ಮೌನೇಶಪ್ಪ ಹತ್ತಿರದ ಚೌಕಟ್ಟಿನ ಮೇಲೆ ಕೈಯಿಟ್ಟರು.

"ಕತ್ತರಸಬಹುದ್ರಿ. ಕತ್ತರಿಸಿದ ಕೂಡಲೇ ಅದು ಖರಾಯ. ನಲವತ್ತು ಮನಿ ಮಂದಿ ಅದರೊಳಗ ಹಾದು ಅಡ್ಡ್ಯಾಡಬೇಕು. ಗೊತ್ತಿದ್ದೂ ಗೊತ್ತಿದ್ದೂ ಅಂಥಾ ಬಾಗಲಾ ನನ್ನ ಕೈಲೆ ಕೊಡೂದಿಲ್ರಿ. ಬ್ಯಾರೆದವರ ಕಡೆ ಮಾಡಿಸ್ಕೊಳ್ಳಾಕ ಹೇಳ್ರಿ. ಈ ಮಾಲು ಇಲ್ಲೇ ಇರಲಿ."

"ಮೌನೇಶಪ್ಪಣ್ಣ, ಇದು ಹೋತಂದ್ರ ಮತ್ತ ಬರೂದಿಲ್ಲ. ತಿಳದ ಮಾತಾಡಾಕತ್ತೀರೇನು?" ಎಂದೆ.

"ತಿಳದೈತ್ರಿ" ಎಂದರು. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲುಗಳ ಕಡೆಯೇ ನೋಡುತ್ತಿದ್ದರು.

ಅವರ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಲೇ ಎಂದು ನನಗೆ ಅನಿಸಿತು. ಹೇಳಲಿಲ್ಲ, ಇದ್ದದ್ದನ್ನು ಇದ್ದಂತೆಯೇ ದಾಟಿಸಿದೆ. ನೀಮಾ ಸಿಟ್ಟಿನಲ್ಲಿ ಹೊರಗೆ ಹೋಗಿ ಬೀದಿಯಲ್ಲಿ ನಿಂತಳು. ನಾನು ಒಳಗೊಂದು ಕಣ್ಣು, ಹೊರಗೊಂದು ಕಣ್ಣು ಇಟ್ಟು ನಿಂತೆ. ಸಾಹೇಬರಿಗೆ ಏನು ಹೇಳುವುದು ಎಂಬ ಯೋಚನೆ ಬಂದದ್ದು ನಿಜ. ಆದರೆ ಅದಕ್ಕಿಂತ ಆ ಬಿಳಿ ಅಂಗಿಯ ಮನುಷ್ಯನನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನೀಮಾ ಒಳಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು. ಸಿಟ್ಟು ಇಳಿದು, ಲೆಕ್ಕ ಹಾಕುವ ಮುಖ. ಕಟ್ಟಡದವರಿಗೆ ಗಿರಾಕಿಯ ಹಟ ಹೊಸದಲ್ಲ. ಒಬ್ಬ ಗಿರಾಕಿ ಅಡಿಗೆಮನೆ ಅತ್ತ ಬೇಡ ಎನ್ನುತ್ತಾನೆ, ಇನ್ನೊಬ್ಬ ಮೆಟ್ಟಿಲು ಇತ್ತ ಬೇಕು ಎನ್ನುತ್ತಾನೆ. ಅವಳು ಮೌನೇಶಪ್ಪನವರನ್ನು ಅಂಥ ಒಬ್ಬ ಗಿರಾಕಿ ಎಂದುಕೊಂಡಿರಬೇಕು.

"ಆ ಲೆಕ್ಕದ ಅಳತೆಯನ್ನು ಎಲ್ಲಿಂದ ಎಲ್ಲಿಗೆ ಹಿಡಿಯುತ್ತಾರೆ?" ಎಂದು ಕೇಳಿದಳು. "ಚೌಕಟ್ಟಿನ ಹೊರಗಿನಿಂದಲೋ, ಒಳಗಿನಿಂದಲೋ?"

"ಒಳಗಿಂದ ಒಳಗ್ರಿ" ಎಂದರು ಮೌನೇಶಪ್ಪ. "ಮನಷ್ಯಾ ಹಾಯೂ ಜಾಗ ಎಷ್ಟು, ಅಷ್ಟ."

ನೀಮಾ ಕುಕ್ಕರಗಾಲಿನಲ್ಲಿ ಕೂತು ಹೊಸ್ತಿಲಿನ ಪಟ್ಟಿಗೆ ಬೆರಳಿಟ್ಟಳು. ಅದು ಒಂದು ಇಂಚು ಎತ್ತರದ, ಒಳಗೆ ಟೊಳ್ಳಾದ ಡಬ್ಬಿ ಸೆಕ್ಷನ್ನು. "ಇದರ ಬದಲು ಅರ್ಧ ಇಂಚಿನ ಗಟ್ಟಿ ಪಟ್ಟಿ ಹಾಕಿದರೆ? ಕೆಳಗಿನಿಂದ ಅರ್ಧ ಇಂಚು ಕತ್ತರಿಸಿ. ಹೊರಗಿನ ಅಳತೆ ನನಗೆ ಬೇಕಾದಷ್ಟಾಯಿತು. ಒಳಗಿನದು ಇದ್ದಷ್ಟೇ ಉಳಿಯಿತು. ಅವರ ಆನೆ ಅವರಿಗೆ, ನನ್ನ ಗೋಡೆ ನನಗೆ."

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಮೌನೇಶಪ್ಪ ಅವಳ ಬೆರಳು ನೋಡಿ ತಿಳಿದುಕೊಂಡಿದ್ದರು. ಅವರೂ ಕೂತರು. ಟೇಪು ಹಚ್ಚಿದರು, ಬೆರಳ ಗೆಣ್ಣಿನ ಮೇಲೆ ಲೆಕ್ಕ ಮಾಡಿದರು, ಮತ್ತೊಮ್ಮೆ ಮಾಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಹೊಸ್ತಲಾ ಸಣ್ಣದಾಕ್ಕತಿ. ನಡೀತೈತೇನು?"

ಗಂಗವ್ವ ಎರಡು ಬೆರಳನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು ನೋಡಿದರು. "ಅರಿಷಿಣ ಕುಂಕುಮ ಹಚ್ಚಾಕ ಇಷ್ಟು ಜಾಗ ಇದ್ರ ಸಾಕು. ಹೊಸ್ತಲಾ ಇರಬೇಕು ಅಷ್ಟ. ಎತ್ತರ ಯಾರ ಕೇಳತಾರ?"

ಆಗ ನನಗೆ ಬಂದ ಹುರುಪನ್ನು ಏನು ಹೇಳಲಿ. ಶಿಗ್ಗಾವಿಗೆ ಫೋನು ಹಚ್ಚಿದೆ. ಮಾಲು ಹೇರಿಕೊಳ್ಳಲು ಹುಬ್ಬಳ್ಳಿಯಿಂದ ಹೊರಟ ನಮ್ಮ ಲಾರಿ ಅದೇ ಹೊತ್ತಿಗೆ ಗುರುಸಿದ್ದಪ್ಪನವರ ಡಿಪೋ ಮುಂದೆ ನಿಂತಿತ್ತು. ಅರ್ಧ ಇಂಚಿನ ಪಟ್ಟಿ ಅವರಲ್ಲಿ ಇತ್ತು, ಬಣ್ಣವಿಲ್ಲದ್ದು. ಹೊಸ್ತಿಲಿಗೆ ಬಣ್ಣ ಹಚ್ಚಿದರೂ ಕಾಲು ತಾಗಿ ಹೋಗುತ್ತದೆ, ಬೆಳ್ಳಿಯಂತೆ ಇರಲಿ ಬಿಡು ಎಂದಳು ನೀಮಾ. ಆಮೇಲೆ ಹಾನಗಲ್ಲಿಗೆ ಫೋನು ಮಾಡಿದೆ. ಸಿದ್ಧಾರ್ಥ ಪೂರ್ತಿ ಕೇಳುವ ಮೊದಲೇ, "ಆಯದ ಕತಿ ಹೌದಲ್ರಿ? ನನಗ ಗೊತ್ತಿತ್ತು. ಲಾರಿ ಇಲ್ಲಿಗೆ ಬಂದ ಕೂಡಲೇ ಕಿಡಕಿ ಜೋಡಿ ನಾನೂ ಹತ್ತತೇನಿ, ಮಷೀನ್ ತಗೊಂಡ" ಎಂದ. ಕೂಲಿ ಎಷ್ಟು ಎಂದು ಕೇಳಿದರೆ ಬೈದ. ನಮ್ಮ ಹೊಲಗಳಲ್ಲಿ ಇವತ್ತು ನಾನು ನಿನ್ನ ಕಳೆಗೆ, ನಾಳೆ ನೀನು ನನ್ನ ಕೊಯ್ಲಿಗೆ ಎಂಬ ಮುಯ್ಯಾಳಿನ ಪದ್ಧತಿ ಇದೆಯಲ್ಲ, ಅವನು ಅದನ್ನೇ ಹಿಡಿದು ಬರುತ್ತಿದ್ದ. ಅವನ ಕಿಟಕಿಗೆ ಅವಸರವಿದ್ದಾಗ ಮೌನೇಶಪ್ಪ ಹೋಗಿದ್ದರಂತೆ.

ಮಧ್ಯಾಹ್ನದ ಮೇಲೆ ಲಾರಿ ಬಂತು. ಎರಡು ಮಷೀನು ಒಟ್ಟಿಗೆ ಕಿರುಚತೊಡಗಿದವು. ಅಲ್ಯೂಮಿನಿಯಮ್ಮಿನ ಪುಡಿ ಹಾರಿ ಎಲ್ಲರ ತಲೆಯೂ ನೆರೆಯಿತು. ಆನೆಯ ಕೆಲಸಕ್ಕೆ ಬುದ್ಧನ ಮಷೀನು ಬಂತು ನೋಡ್ರಿ ಎಂದು ಸಿದ್ಧಾರ್ಥ ತಾನೇ ಗೇಲಿ ಮಾಡಿದ. ಮೌನೇಶಪ್ಪ, "ನೀ ನಂಬಬ್ಯಾಡೋ ತಮ್ಮಾ, ಸೀದಾ ಕತ್ತರಸು ಸಾಕು" ಎಂದರು. ನೀಮಾ ಸುಮ್ಮನೆ ಕೂರುವವಳಲ್ಲ. ಗಂಗವ್ವನ ಹಳೆಯ ಸೀರೆ ಸೊಂಟಕ್ಕೆ ಬಿಗಿದು ಸ್ಕ್ರೂ ಹಾಕಲು ಕೂತಳು. ಕತ್ತಲಾಗುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಮುಗಿಸಿದರು. ನೀಮಾ ನಲವತ್ತನ್ನೂ ಅಳೆದಳು, ಒಂದನ್ನೂ ಬಿಡಲಿಲ್ಲ. ಕೊನೆಯದಕ್ಕೆ ಟೇಪು ಸುತ್ತಿ ಜೇಬಿಗೆ ಹಾಕಿ, ಮೌನೇಶಪ್ಪನವರ ಕೈ ಕುಲುಕಿದಳು.

"ಮುಂದಿನ ಸಾಲಿನ ಮನೆಗೆ ಇನ್ನೂ ಗೋಡೆ ಎದ್ದಿಲ್ಲ" ಎಂದಳು. "ಅಳತೆ ಅವರೇ ಕೊಡಲಿ. ಗೋಡೆಯನ್ನು ನಾನು ಅದಕ್ಕೆ ತಕ್ಕ ಹಾಗೆ ಕಟ್ಟಿಸುತ್ತೇನೆ."

ಇದನ್ನು ಕನ್ನಡಕ್ಕೆ ತಿರುಗಿಸಿದಾಗ ಮೌನೇಶಪ್ಪನವರು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ನನ್ನ ಕಣ್ಣೂ ತುಂಬಿತ್ತು, ಪುಡಿ ಬಿದ್ದಿದೆ ಎಂದು ಒರೆಸಿಕೊಂಡೆ.

ಲಾರಿಗೆ ಹೇರುವುದು ನಡೆದಿತ್ತು. ನೀಮಾಗೆ ಅಷ್ಟರಲ್ಲಿ ಒಂದು ಆಸೆ ಹುಟ್ಟಿತು. ತಾಯಿಗೆ ಫೋನು ಮಾಡಿ, ತಮ್ಮ ಸ್ವಂತ ಮನೆಯ ಮುಂಬಾಗಿಲಿನ ಒಳ ಅಳತೆ ಹಿಡಿಸಿದಳು. ಆ ಮನೆ ಅವಳು ಕಟ್ಟಿಸಿದ ಮೊದಲನೆಯದಂತೆ, ತಾಯಿಗೆಂದೇ ಕಟ್ಟಿಸಿದ್ದು. ಅಳತೆಯನ್ನು ನಾನು ಇಂಚಿಗೆ ತಂದು ಹೇಳಿದೆ. ಮೌನೇಶಪ್ಪ ಗೆಣ್ಣು ಎಣಿಸುತ್ತ ನಿಂತರು, ನೀಮಾ ಪರೀಕ್ಷೆ ಬರೆದ ಹುಡುಗಿಯಂತೆ ಅವರ ಮುಖ ನೋಡುತ್ತ ನಿಂತಳು.

"ಗಜಾಯ ಐತ್ರಿ" ಎಂದರು ಮೌನೇಶಪ್ಪ. "ಛಲೋ ಮನಿ. ಅವರ ಅವ್ವಗ ಹೇಳಾಕ ಹೇಳ್ರಿ."

ನಾನು ಹೇಳಿದೆ. ಅವಳು ಗಂಗವ್ವನನ್ನು ತಬ್ಬಿಕೊಂಡು, ಸಿದ್ಧಾರ್ಥನಿಗೆ ಕೈ ಬೀಸಿ, ಲಾರಿಯ ಮುಂದಿನ ಸೀಟಿಗೆ ಹತ್ತಿದಳು. ನಾನು ಹತ್ತುವ ಮೊದಲು ಮೌನೇಶಪ್ಪನವರ ಹತ್ತಿರ ನಿಂತು, "ನಮ್ಮ ಮನೀದೂ ಒಂದು ಸಲ ನೋಡ್ರಿ ಹಂಗಾದ್ರ. ಆನಿ ಎಲ್ಲಾರಿಗೂ ಬರೂದಿಲ್ಲಲ್ಲ" ಎಂದು ನಕ್ಕೆ.

ಅವರು ಲಾರಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

"ಅವರಿಗೂ ಬಂದಿಲ್ರಿ ಅಕ್ಕಾರ. ಕಾಕಾಯ ಐತಿ. ಕಟ್ಟೂ ಮೊದಲ ಆದ್ರ ಜಗಳಾಡಿ ಹೇಳಬೇಕು. ಕಟ್ಟಿ, ಒಳಗ ಹೊಕ್ಕು, ಹಿರಿಯಾಕಿ ಇರಾಕತ್ತ ಮನಿಗೆ ಹೇಳಬಾರದ್ರಿ. ನಮ್ಮ ಅಪ್ಪ ಹಂಗ ಕಲಿಸ್ಯಾನ."

ಲಾರಿ ಹಂಸಭಾವಿಯ ದಾರಿ ಹಿಡಿಯಿತು. ಹಾವೇರಿ ಮೇಲೆ ಹುಬ್ಬಳ್ಳಿಗೆ ಸಂಜೆಯೊಳಗೆ ಮುಟ್ಟಬೇಕಿತ್ತು. ಬೆನ್ನ ಹಿಂದೆ ನಲವತ್ತು ಬಾಗಿಲು ಹಗ್ಗದ ಬಿಗಿತಕ್ಕೆ ಸಣ್ಣಗೆ ಸದ್ದು ಮಾಡುತ್ತಿದ್ದವು. ನೀಮಾ ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿ ಮಾತಾಡಿ, ನಕ್ಕು ನಕ್ಕು, ಕಡೆಗೆ ನನ್ನ ಕಡೆ ತಿರುಗಿದಳು.

"ನಮ್ಮದು ಆನೆಯ ಬಾಗಿಲು ಅಂತ ಅಮ್ಮನಿಗೆ ಹೇಳಿದೆ. ಇಷ್ಟು ವರ್ಷ ಆ ಬಾಗಿಲನ್ನು ಸರಿಯಾಗಿ ನೋಡೇ ಇರಲಿಲ್ಲ ಅಂದಳು. ಈಗ ಕುರ್ಚಿ ಹೊರಗೆ ಹಾಕಿಕೊಂಡು ಅದನ್ನೇ ನೋಡುತ್ತ ಕೂತಿದ್ದಾಳಂತೆ."